ಕಂಬಳಿ ಕಿಟಕಿಯ ಓನರಮ್ಮ

ನಮ್ಮ ಓನರಮ್ಮನಿಗೆ ಗ್ಲಾಕೋಮಾ ಎಂದರೆ ಬಾಡಿಗೆದಾರರು ಯಾರೂ ನಂಬುವುದಿಲ್ಲ, ಯಾಕೆಂದರೆ ಅವರಿಗೆ ಕಾಣದ್ದು ಈ ಬೀದಿಯಲ್ಲಿ ಇನ್ನೂ ನಡೆದಿಲ್ಲ. ಕಣ್ಣೊಳಗಿನ ಒತ್ತಡ ಹನಿಮದ್ದಿಗೂ ಬಗ್ಗಲಿಲ್ಲ, ಎರಡು ಆಪರೇಷನ್ನಿಗೂ ಬಗ್ಗಲಿಲ್ಲ. "ನನ್ನ ಹಾಗೇ ಹಟಮಾರಿ" ಎಂದು ಹೆಮ್ಮೆಪಡುತ್ತಾರೆ. ಈಗ ಡಾಕ್ಟರು ಕೈನರಕ್ಕೆ ಹೊಸ ಮದ್ದು ಚುಚ್ಚಿ, ಅದು ಕಣ್ಣು ಮುಟ್ಟಿದಾಗ ಅಲ್ಲಿಗೆ ಲೇಸರ್ ಬೆಳಕು ಹಾಯಿಸಿ ಮದ್ದನ್ನು ಕೆಲಸಕ್ಕೆ ಹಚ್ಚಿದ್ದಾರೆ. ಮದ್ದು ಮೈಯಲ್ಲೆಲ್ಲ ಹರಿದಿರುವುದರಿಂದ ಇನ್ನು ಐದು ದಿನ ಬಿಸಿಲು ಸೋಕಿದರೆ ಮೈ ಸುಡುತ್ತದಂತೆ. ಅದಕ್ಕೇ ಕಿಟಕಿಗೆಲ್ಲ ಕಂಬಳಿ ಹೊದೆಸಿ, ಕಪ್ಪು ಕನ್ನಡಕ, ಮಂಕಿ ಕ್ಯಾಪು, ಕೈಗವಸು ತೊಟ್ಟು, ದರೋಡೆಗೆ ಹೊರಟವರಂತೆ ಕೂತು ಕಿವಿಯಿಂದಲೇ ಆಡಳಿತ ನಡೆಸುತ್ತಾರೆ. "ಯಾರದು, ನಲ್ಲಿ ತೊಟ್ಟಿಕ್ತಿದೆ!" "ಮೇಷ್ಟ್ರೇ, ಗೇಟು!" ನಾನು ಬೆಕ್ಕಿನಂತೆ ಮೆಟ್ಟಿಲಿಳಿದರೂ, "ಏನಪ್ಪಾ, ಇವತ್ತೂ ಲೇಟಾ? ಕೆಲಸ ಇದೆಯೋ, ಹೋಯ್ತೋ?" ಬಲಗಣ್ಣು ಪೂರ್ತಿ ಹೋಗಿದೆ, ಎಡಗಣ್ಣಿಗೆ ಇದೇ ಕೊನೆಯ ಉಪಾಯ ಎಂಬುದು ನನಗೆ ಮಾತ್ರ ಗೊತ್ತು; ಧೈರ್ಯ ಹೇಳಲು ಆಸ್ಪತ್ರೆಗೆ ಜೊತೆಯಲ್ಲಿ ಹೋದವನೂ, ಸೂಜಿ ನೋಡಿ ತಲೆ ಸುತ್ತಿ ಬಿದ್ದವನೂ ನಾನೇ. ನಿನ್ನೆ ಹಾಲು ಕೊಡಲು ಹೋದೆ. ಅವರು ಕನ್ನಡಕ ಹಣೆಗೇರಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಗೋಡೆ ಮುಟ್ಟದೆ ಅಡುಗೆಮನೆಯಲ್ಲಿ ಓಡಾಡುತ್ತ ಟೀ ಸೋಸುತ್ತಿದ್ದರು. "ಏನಮ್ಮಾ ಇದು, ಕಣ್ಣಾಮುಚ್ಚಾಲೆನಾ?" "ಮದ್ದು ಹಿಡಿದ್ರೆ ಸರಿ. ಹಿಡೀದಿದ್ರೆ? ಆಮೇಲೆ ಕಲಿಯೋಕೆ ಹೋಗಿ ನಿಮ್ಮಂಥೋರ ಮುಂದೆ ಎಡವಿ ಬೀಳ್ಬೇಕಾ? ತಗೋ, ಟೀ" ಎಂದು, ಕಣ್ಣು ತೆರೆಯದೆಯೇ, ಲೋಟ ಚಾಚಿದರು. ನಾನು ನಿಂತಿದ್ದ ಜಾಗಕ್ಕಿಂತ ಅದು ಎರಡು ಗೇಣು ಎಡಕ್ಕಿತ್ತು. ನಾನು ಮೆಲ್ಲನೆ ಅತ್ತ ಸರಿದು ನಿಂತು, ಲೋಟ ಹಿಡಿದುಕೊಂಡೆ.