ಪಾಸ್ ಕೊಟ್ಟವಳು

ಆ ಮಂಗಳವಾರ ಬೆಳಿಗ್ಗೆ ಅಮೃತಹಳ್ಳಿಯ ನಮ್ಮ ಅಡುಗೆಮನೆಯಿಂದ "ಕೈ!" ಎಂಬ ಕೂಗು ಬಂತು. ಹಿಂದೆಯೇ ಸ್ಕೂಟರ್ ಕೀ ಹಾರಿಬಂತು. ನನ್ನ ಹೆಂಡತಿ ಶೈಲಾ ಒಲೆಯ ಕಡೆ ಮುಖಮಾಡಿ ದೋಸೆ ಮಗುಚುತ್ತಲೇ ಅದನ್ನು ಎಸೆದಿದ್ದಳು. ಕೀ ನನ್ನ ಎದೆಗೆ ಬಡಿದು ಸೋಫಾದ ಕೆಳಗೆ ಹೋಯಿತು.

"ಮದ್ವೆಯಾಗಿ ಇಪ್ಪತ್ತು ವರ್ಷ ಆಯ್ತು, ಇನ್ನೂ ಹಿಡಿಯಕ್ಕೆ ಬರಲ್ವಲ್ಲೋ ನಿಂಗೆ!"

ನನ್ನ ಅಮ್ಮನ ಮುಂದೆ "ರೀ", ಇಬ್ಬರೇ ಇದ್ದಾಗ "ಲೋ". ಒಂದೇ ಕಾಲೇಜಿನಲ್ಲಿ ಓದಿದವರ ಸಂಸಾರ ಹೀಗೇ. ನಾನು ಮಂಡಿಯೂರಿ ಕೀ ಹುಡುಕಿಕೊಂಡು ಕೆಲಸಕ್ಕೆ ಹೋದೆ. ಮಧ್ಯಾಹ್ನ, ಅವಳು ಆಟ ಕಲಿಸುತ್ತಿದ್ದ ಶಾಲೆಯಿಂದ ಫೋನ್ ಬಂತು. ಮೈದಾನದಲ್ಲಿ ಕುಸಿದು ಬಿದ್ದಿದ್ದಳು. ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಮುಗಿದಿತ್ತು.

ಈಗ ಎಂಟು ತಿಂಗಳು. ಕಳೆದ ವಾರ ಮತ್ತಿಕೆರೆಯ ನಮ್ಮ ಹಳೆಯ ಕಾಲೇಜಿನಿಂದ ಒಂದು ಹಾಳೆ ಬಂದಿದೆ. ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಗೋಡೆಗೆ ಅವಳ ಫೋಟೊ ಹಾಕುತ್ತಾರಂತೆ. ಕೆಳಗೆ ಬರೆಯಲು ವಿವರ ಬೇಕು: ಹೆಸರು, ಆಡಿದ ವರ್ಷಗಳು, ಗಳಿಸಿದ ಒಟ್ಟು ಅಂಕ. ಮೊದಲ ಎರಡನ್ನು ತುಂಬಿ, ಮೂರನೆಯದರ ಮುಂದೆ ಪೆನ್ನು ಹಿಡಿದು ಎರಡು ದಿನ ಕುಳಿತೆ.

ಯಾಕೆಂದು ಹೇಳಬೇಕು. ಶೈಲಾ ಗಾರ್ಡ್ ಆಗಿದ್ದಳು. ಅಂದರೆ ಚೆಂಡನ್ನು ಪುಟಿಸುತ್ತಾ ಮುಂದೆ ತಂದು, ಯಾರ ಸುತ್ತ ಜಾಗವಿದೆಯೋ ನೋಡಿ, ಅವರ ಕೈಗೆ ತಲುಪಿಸುವವಳು. ಎಡಕ್ಕೆ ನೋಡುತ್ತಾ ಬಲಕ್ಕೆ ಕೊಡುತ್ತಿದ್ದಳು. ಎದುರಿನ ತಂಡವಿರಲಿ, ನಮ್ಮವರೇ ಮೋಸಹೋಗುತ್ತಿದ್ದರು. ತಂಡದ ಎತ್ತರದ ಹುಡುಗಿ ಪ್ರಮೀಳಾಳ ಮೂಗಿಗೆ ಮೊದಲ ವಾರವೇ ಎರಡು ಸಲ ಚೆಂಡು ಬಡಿಯಿತು. ಬೈದವಳೂ ಶೈಲಾಳೇ: "ನನ್ ಮುಖ ಏನೇ ನೋಡ್ತೀಯಾ, ಕೈ ರೆಡಿ ಇಟ್ಕೊಳೇ!" ಆಮೇಲೆ ಪ್ರಮೀಳಾ ಕೈ ಎತ್ತಿದಲ್ಲಿಗೆ ಚೆಂಡು ಬರುತ್ತಿತ್ತು. ಅವಳು ಬುಟ್ಟಿಗೆ ಹಾಕುತ್ತಿದ್ದಳು, ಚಪ್ಪಾಳೆ ಬೀಳುತ್ತಿತ್ತು.

ನಾನು ಆಡಿದವನಲ್ಲ. ಅಕ್ಷರ ದುಂಡಗಿದೆಯೆಂದು ಪಿ.ಟಿ. ಮೇಷ್ಟ್ರು ನನ್ನನ್ನು ಸ್ಕೋರ್ ಬರೆಯಲು ಕೂರಿಸಿದ್ದರು. ಚೆಂಡು ಹಾಕಿದವರ ನಂಬರ್ ಬರೆಯಬೇಕು. ಕೊಟ್ಟವರ ನಂಬರಿಗೆ ಆ ಹಾಳೆಯಲ್ಲಿ ಜಾಗವಿರಲಿಲ್ಲ. ಪಂದ್ಯ ಮುಗಿದ ಮೇಲೆ ಶೈಲಾ ಬೆವರು ಒರೆಸಿಕೊಳ್ಳುತ್ತಾ ಮೇಜಿನ ಮೇಲೆ ಬಾಗಿ ನೋಡುತ್ತಿದ್ದಳು. "ಏನ್ ಗುರು, ಇವತ್ತು ನಾನು ಗ್ರೌಂಡಿಗೇ ಬಂದಿಲ್ವಾ?"

ಹಾಗಾಗಿ ಅವಳು ಕೊಟ್ಟ ಪಾಸಿನಿಂದ ಬಂದ ಪ್ರತಿ ಅಂಕದ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡತೊಡಗಿದೆ. ಪ್ರೇಮಪತ್ರ ಬರೆಯುವ ಧೈರ್ಯವಿಲ್ಲದವನ ಕೆಲಸ ಎಂದು ನೀವು ನಕ್ಕರೆ ತಪ್ಪಿಲ್ಲ. ಒಂದಿಡೀ ವರ್ಷ ಇಟ್ಟೆ. ರಾಜ್ಯ ತಂಡದ ಆಯ್ಕೆಗಾಗಿ ಹಾಳೆಗಳನ್ನು ಕಳಿಸುವ ಹಿಂದಿನ ದಿನ ಅದು ಮೇಷ್ಟ್ರ ಕಣ್ಣಿಗೆ ಬಿತ್ತು.

"ಏನಯ್ಯಾ ಇದು, ರಂಗೋಲಿನಾ? ಎಲ್ಲಾ ಅಳಿಸು."

ಹೆದರಿಕೊಂಡು ರಬ್ಬರ್ ಹಿಡಿದು ಎಲ್ಲವನ್ನೂ ಅಳಿಸಿದೆ. ಪ್ರಮೀಳಾ ಆಯ್ಕೆಯಾದಳು. ಶೈಲಾ ಆಗಲಿಲ್ಲ. ಅವಳ ಆಟ ಕಾಲೇಜಿಗೇ ನಿಂತಿತು.

ಮದುವೆಯಾದ ಮೇಲೆ ಒಂದು ದಿನ ಅವಳಿಗೆ ಇದನ್ನು ಹೇಳಿದೆ.

"ಎಷ್ಟಿದ್ವೋ?"

"ಗೊತ್ತಿಲ್ಲ."

"ಅಳಿಸಿದ್ದಕ್ಕೆ ಬೇಜಾರಿಲ್ಲ ಕಣೋ. ಎಣಿಸ್ಬೇಕಿತ್ತು ನೀನು."

ನಿನ್ನೆ ಪ್ರಮೀಳಾಗೆ ಫೋನ್ ಮಾಡಿದೆ. "ನನ್ ಪಾಯಿಂಟೆಲ್ಲಾ ಅವಳ ಹೆಸ್ರಿಗೇ ಬರ್ಕೊಳೋ, ಯಾರ್ ಕೇಳ್ತಾರೆ?" ಎಂದಳು. "ಸ್ಟೇಟ್ ಕ್ಯಾಂಪಲ್ಲಿ ಏನಾಯ್ತು ಗೊತ್ತಾ? ಕೈ ಎತ್ಕೊಂಡು ನಿಂತಿದ್ದೇ ಬಂತು. ಚೆಂಡೇ ಬರ್ಲಿಲ್ಲ." ನಗಲು ಹೋಗಿ ಅತ್ತುಬಿಟ್ಟಳು.

ಅವಳು ಹೇಳಿದಂತೆ ಬರೆದರೆ ಸುಳ್ಳಾಗುತ್ತದೆ. ಚುಕ್ಕೆ ಅಳಿಸಿದ ಮೇಲೆ ತೆಗೆಸಿಟ್ಟ ಆ ಸ್ಕೋರ್ ಹಾಳೆಗಳ ಜೆರಾಕ್ಸ್ ನನ್ನ ಬಳಿ ಇದೆ. ಶೈಲಾಳ ಅಂಕಗಳನ್ನು ಕೂಡಿಸಿ, ಬಂದ ಸಣ್ಣ ಸಂಖ್ಯೆಯನ್ನೇ ಬರೆದೆ. ಆಮೇಲೆ ಅವರು ಕೇಳದ ಇನ್ನೊಂದು ಸಾಲನ್ನು ಕೆಳಗೆ ಸ್ಕೇಲಿಟ್ಟು ಎಳೆದು, "ಕೊಟ್ಟ ಪಾಸ್‌ಗಳು" ಎಂದು ಸೇರಿಸಿದೆ. ಅದರ ಮುಂದೆ ಬರೆಯಲು ನನ್ನ ಹತ್ತಿರ ಸಂಖ್ಯೆ ಇಲ್ಲ.