ಬ್ಯಾಟರಿ ಇಳಿಸಿದ ಕಾರು

ಗದ್ದೆಯ ಕಾರು ರೇಸಿನಲ್ಲಿ ಮಡಂತ್ಯಾರಿನ ತಂಡವನ್ನು ಒಮ್ಮೆಯಾದರೂ ಸೋಲಿಸಬೇಕೆಂಬುದು ನನ್ನ ಮಾವನ ಹಠ. ತೂಕ ಇಳಿದರೆ ವೇಗ ಏರುತ್ತದೆಂದು ಹಳೆಯ ಕಾರಿನ ಸೀಟು, ಗಾಜು, ಬಾಗಿಲು ಕಳಚಿದರು. ಪೆಟ್ರೋಲನ್ನು ರೇಸಿನ ಮೂರು ಸುತ್ತಿಗೆ ಬೇಕಾದಷ್ಟೇ ಹಾಕಿದರು. ಕೊನೆಗೆ ಇಂಜಿನ್ ಚಾಲೂ ಮಾಡಿ ಬ್ಯಾಟರಿಯನ್ನೂ ಇಳಿಸಿಬಿಟ್ಟರು.

ಆಗಲೇ ಬಾವುಟ ಬೀಸಬೇಕಾದ ಮುಖ್ಯ ಅತಿಥಿಗಳು ಮೈಕು ಹಿಡಿದು ಭಾಷಣ ಶುರುಮಾಡಿದರು.

“ಪೆಟ್ರೋಲ್ ಮುಗಿದೀತು, ಇಂಜಿನ್ ಆಫ್ ಮಾಡುವ, ಮಾವ,” ಎಂದೆ.

“ಮತ್ತೆ ಸ್ಟಾರ್ಟ್ ಯಾರು ಮಾಡುವುದು, ನಿನ್ನ ಅಜ್ಜನಾ? ಬ್ಯಾಟರಿ ಎಲ್ಲಿ ಉಂಟು ಮಾರಾಯ!”

ಕೃಷಿ, ಕ್ರೀಡೆ, ಯುವಶಕ್ತಿ ಎಲ್ಲ ಮುಗಿದು ಬಾವುಟ ಬೀಸಿದಾಗ ಕಾರು ಹತ್ತು ಮಾರು ಓಡಿ ನಿಂತಿತು.

ಮರುವರ್ಷ ಮಾವ ಕಾರಿನ ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಸಂಘಟಕರ ಮನೆಗೆ ಹೋಗಿ, “ಈ ಸಲ ಮಾತು ಕಮ್ಮಿ ಇರುವವರನ್ನು ಕರೆಯುವ,” ಎಂದು ಹೇಳಿ ಬಂದರು.