ಸಲಾಮು ಮುಗಿಯದ ಮುನಷಿ ಸಾಹೇಬರು

ಅವರ ಗಡ್ಡಕ್ಕೆ ಎರಡು ಬಣ್ಣ. ಶುಕ್ರವಾರ ಊರಿಗೆ ಹೋಗಿ ಮದರಂಗಿ ಹಚ್ಚಿಕೊಂಡು ಬಂದರೆ ಕೆಂಪಗೆ ಹೊಳೆಯುತ್ತಿತ್ತು. ಊರಿಗೆ ಹೋಗುವುದು ತಪ್ಪಿತೋ, ಬುಡದಿಂದ ಬೆಳ್ಳಗೆ ಇಣುಕುತ್ತಿತ್ತು. ಗಡ್ಡದ ಕೆಳಗೆ ಕುತ್ತಿಗೆತನಕ ಗುಂಡಿ ಹಾಕಿದ ಕರಿ ಶೇರ್ವಾನಿ, ಶೇರ್ವಾನಿಯೊಳಗೆ ದುಂಡನೆಯ ಹೊಟ್ಟೆ, ಹೊಟ್ಟೆಯ ಸುತ್ತ ಕಟ್ಟಿದ ದಾರದಲ್ಲಿ ಗೋದಾಮಿನ ಕೀಲಿಕೈ.

ಹುಮನಾಬಾದಿನ ಹತ್ತಿ ಗಿರಣಿಯ ಆಫೀಸಿನಲ್ಲಿ ಅವರು ಉರ್ದುವಿನಲ್ಲಿ ಲೆಕ್ಕ ಬರೆಯುವ ಮುನಷಿ. ನಾನು ಅದೇ ಗಿರಣಿಯಲ್ಲಿ ಹತ್ತಿಯಿಂದ ಕಾಳು ಬಿಡಿಸುವ ಯಂತ್ರದ ಬಾಯಿಗೆ ಹತ್ತಿ ಉಣಿಸುವ ಆಳು. ಅವರ ಊರು ಕಲ್ಯಾಣಿ. ಈಗಿನ ಬಸವಕಲ್ಯಾಣವನ್ನು ಆಗ ಹಾಗೇ ಕರೆಯುತ್ತಿದ್ದೆವು. ಊರಿನ ಬಗ್ಗೆ ಅವರಿಗೆ ತಡೆಯಲಾರದಷ್ಟು ಜಂಬ. "ಹುಮನಾಬಾದದವ್ರಿಗಿ ವ್ಯಾಪಾರ ಗೊತ್ತದ, ಸಲಾಮು ಮಾಡಾಕ ಗೊತ್ತಿಲ್ಲ," ಎಂದು ನಮ್ಮೆದುರಿಗೇ ಹೇಳುವರು.

ಅವರ ಸಲಾಮೆಂದರೆ ಹಣೆಗೆ ಕೈ ಮುಟ್ಟಿಸಿ ಮುಂದೆ ಹೋಗುವಂಥದ್ದಲ್ಲ. ಎದುರಿಗಿದ್ದವನ ಎರಡೂ ಕೈ ಹಿಡಿದುಕೊಂಡು ಮೊದಲು ಅವನ ಕ್ಷೇಮ, ಆಮೇಲೆ ಅವನ ತಾಯಿಯ ಕೆಮ್ಮು, ಹೆಂಡತಿಯ ತವರು, ಮಕ್ಕಳು, ಎಮ್ಮೆ, ಹೊಲ, ಬಾವಿ, ಎಲ್ಲವೂ ಬರಬೇಕು. ನಡುವೆ ಯಾರಾದರೂ ಬಾಯಿ ಹಾಕಿದರೆ ಅದು ಕೆಟ್ಟ ಸಲಾಮು. ಮತ್ತೆ ತಾಯಿಯ ಕೆಮ್ಮಿನಿಂದ ಸುರು. ಅವರು ಬರುವುದು ಕಂಡರೆ ಅವಸರದಲ್ಲಿದ್ದವರು ಓಣಿ ಬದಲಿಸುತ್ತಿದ್ದರು. ನಾನೂ ಎಷ್ಟೋ ಸಲ ಬದಲಿಸಿದ್ದೇನೆ.

ಒಂದು ದಿನ ನನ್ನ ಬಲಗೈಯ ಬೆರಳುಗಳು ಯಂತ್ರದೊಳಗೆ ಹೋದವು. ಗಿರಣಿಯ ಮಾಲಕ ಸೇಠಜಿ ಬಂದು ನೋಡಿ, "ಪಾಪ," ಎಂದರು. ಮರುಕ್ಷಣವೇ, "ಕೈ ಇಲ್ದವಗ ಗಿರಣ್ಯಾಗ ಏನ್ ಕೆಲಸ? ಮನಿಗಿ ಕಳಿಸ್ರಿ," ಎಂದರು. ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದವು. ಗಿರಣಿಯ ಆಳುಗಳೆಲ್ಲ ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕುಳಿತರು. ನನಗೆ ಏನಾದರೊಂದು ಕೆಲಸ ಕೊಡಬೇಕು, ಅದೊಂದೇ ಬೇಡಿಕೆ. ಸಾಲಿನ ಕೊನೆಗೆ ಕೈಗೆ ಬಟ್ಟೆ ಸುತ್ತಿಕೊಂಡು ನಾನು. ನನ್ನೊಬ್ಬನ ಸಲುವಾಗಿ ಇಷ್ಟು ಮನೆಗಳ ಒಲೆ ಆರುತ್ತಿವೆಯಲ್ಲ ಎಂದು ತಲೆ ಎತ್ತಲಾರದೆ ಕುಳಿತಿದ್ದೆ.

ಸೇಠಜಿಗೆ ಚಿಂತೆಯೇನೂ ಇರಲಿಲ್ಲ. ಒತ್ತಿ ಕಟ್ಟಿದ ಹತ್ತಿ ಅಂಡಿಗೆಗಳು ಗೋದಾಮು ತುಂಬ ಇದ್ದವು, ಒಯ್ಯಲು ಸೊಲ್ಲಾಪುರದ ಲಾರಿ ಬಂದು ನಿಂತಿತ್ತು. ಮಾಲು ಹೋಯಿತೆಂದರೆ ಅವರ ಕೈಗೆ ರೊಕ್ಕ ಬರುತ್ತದೆ, ಹಸಿವು ತಾಳದೆ ನಾವಾಗಿಯೇ ಏಳುತ್ತೇವೆ. ಗೋದಾಮಿನ ಕೀಲಿ ತೆಗೆಯುವುದೊಂದೇ ಬಾಕಿ. ಆಫೀಸಿನ ಉಳಿದ ಕಾರಕೂನರು ಹಿತ್ತಿಲ ಬಾಗಿಲಿನಿಂದ ನುಸುಳಿ ಒಳಗೆ ಹೋಗಿದ್ದರು. ಮುನಷಿ ಸಾಹೇಬರು ಮಾತ್ರ ಎಂದಿನಂತೆ ಮುಂಬಾಗಿಲಿಗೇ ಬಂದರು.

ಬಂದವರು ಸಾಲಿನ ಮೊದಲಿಗನ ಎರಡೂ ಕೈ ಹಿಡಿದರು. "ಹ್ಯಾಂಗಿದ್ದೀಪಾ? ನಿಮ್ಮವ್ವನ ಕೆಮ್ಮು?"

ಮೊದಲು ನಮಗೂ ತಿಳಿಯಲಿಲ್ಲ. "ಹೊತ್ತಾಗ್ತದ, ಒಳಗ ನಡೀರಿ ಸಾಹೇಬ್ರ," ಎಂದ ಆ ಮೊದಲಿಗ.

"ನಿನ್ನ ಷಡ್ಡಕನ ಮಗಳ ಮದಿವಿ ಕೇಳಾಕತ್ತೇನಿ. ಸುಮ್ ಕೂಡು!" ಎಂದು ಗದರಿಸಿದರು. ಅವನು ಬಾಯಿ ಹಾಕಿದ್ದರಿಂದ ಮತ್ತೆ ಮೊದಲಿನಿಂದ ಸುರು.

ಬಿಸಿಲು ನೆತ್ತಿಗೆ ಬಂದರೂ ಅವರು ಸಾಲಿನ ಅರ್ಧ ದಾಟಿರಲಿಲ್ಲ. ಸೇಠಜಿ ಮಾಳಿಗೆಯಿಂದ ಕೂಗಿದರು, "ಮುನಷಿಜಿ, ಒಳಗ ಬರ್ರಿ!"

"ಬರಾಕತ್ತೇನ್ರಿ ಸೇಠಜಿ," ಎಂದು ಇವರು ಅತಿ ವಿನಯದಿಂದ ಬಾಗಿ, ಎಮ್ಮೆಯವರೆಗೆ ಬಂದಿದ್ದ ಸಲಾಮನ್ನು ಬಿಟ್ಟು ತಾಯಿಯ ಕೆಮ್ಮಿಗೆ ಮರಳಿದರು. ಗೋದಾಮಿನ ಕೀಲಿಕೈ ಸೊಂಟದಲ್ಲಿದ್ದವರಿಗೆ ಒಳಗೆ ಹೋಗುವ ಮನಸ್ಸೇ ಇಲ್ಲವೆಂಬ ಗುಟ್ಟು ಆಗ ನಮಗೆ ಹೊಳೆಯಿತು. ಸಾಲಿನುದ್ದಕ್ಕೂ ನಗು ನುಂಗಿಕೊಂಡ ಕೆಮ್ಮು ಹಬ್ಬಿತು.

ಸೇಠಜಿ ಗೋದಾಮಿನ ಬೀಗ ಒಡೆಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ಅವರ ತಂದೆಯ ಕಾಲದ ಕೀಲಿ. ಪ್ರತಿ ದೀಪಾವಳಿಗೆ ಲಕ್ಷ್ಮೀಪೂಜೆಯಲ್ಲಿ ಅದಕ್ಕೆ ಕುಂಕುಮ ಬೀಳುತ್ತಿತ್ತು. ಒಡೆದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಕೀಲಿಕೈಯನ್ನಾದರೂ ಇಸಿದುಕೊಳ್ಳೋಣವೆಂದು ಸೇಠಜಿ ಗೇಟಿಗೇ ಇಳಿದು ಬಂದು ಕೈಯೊಡ್ಡಿದರು. ಮುನಷಿ ಸಾಹೇಬರು ಕೆನ್ನೆ ಮುಟ್ಟಿಕೊಂಡರು.

"ತೋಬಾ! ಹಾದಿ ಮ್ಯಾಲ ಲಕ್ಷ್ಮೀ ಕೀಲಿಕೈ ಕೊಡ್ತಾರೇನ್ರಿ? ಗಾದಿ ಮ್ಯಾಲ ಕುಂತೇ ಕೊಡಬೇಕು, ಗಾದಿ ಮ್ಯಾಲ ಕುಂತೇ ತಗೋಬೇಕು ಅಂತ ದೊಡ್ಡ ಸೇಠಜಿ ಅಂತಿದ್ರು."

ಅವರ ತಂದೆ ಹಾಗೆ ಅನ್ನುತ್ತಿದ್ದುದು ಖರೆ. ಸೇಠಜಿ ಹಲ್ಲು ಕಡಿದರು. "ನೀವು ನಮ್ಮ ಕಡಿಯೋ, ಅವರ ಕಡಿಯೋ?"

"ನಾ ಬಾಗಿಲದ ಕಡಿಯವ್ರಿ. ಮುಂಜಾನಿಯಿಂದ ಒಳಗ ಬರಾಕ ನೋಡಾಕತ್ತೇನಿ."

ಮರುದಿನ ಸಾಲು ಇನ್ನೂ ಉದ್ದವಾಗಿತ್ತು. ನಮ್ಮವರು ನೆಂಟರಿಷ್ಟರನ್ನೆಲ್ಲ ಕರೆತಂದು ಕೂರಿಸಿದ್ದರು. ಘಾಟಬೋರಾಳದಿಂದ ಬಂದ ಒಬ್ಬನ ಅಜ್ಜಿಗೆ ಕಿವಿ ಪೂರ್ತಿ ಕೇಳದು, ಹೇಳಬೇಕಾದ ಸುದ್ದಿ ಮಾತ್ರ ಬಹಳ. ಮುನಷಿ ಸಾಹೇಬರು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅವಳ ಎಮ್ಮೆ ಕಳೆದ ಕಥೆಯನ್ನು ಮನಸಾರೆ ಕೇಳಿ, ಕೊನೆಗೆ ನಿಜವಾಗಿಯೇ ಕಣ್ಣೊರೆಸಿಕೊಂಡರು. ನನ್ನ ಹತ್ತಿರ ಬರುವಾಗ ದೀಪ ಹಚ್ಚುವ ಹೊತ್ತು. ನನಗೆ ಅವರು ಎಮ್ಮೆ ಕೇಳಲಿಲ್ಲ, ಹೊಲ ಕೇಳಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ಹಗುರವಾಗಿ ಹಿಡಿದು, "ನೋವು ಅದ ಏನ್ ಬೇಟಾ?" ಎಂದರು. ಹೌದೆಂದೆ. ಅವತ್ತಿನತನಕ ಯಾರ ಮುಂದೆಯೂ ಹೌದೆಂದಿರಲಿಲ್ಲ.

ನಿಜಾಮರ ರಾಜ್ಯ ಹೋಗಿ ವರ್ಷ ತುಂಬಿತ್ತಷ್ಟೆ. ಅವರಂಥ ಮುಸಲ್ಮಾನರು ದನಿ ತಗ್ಗಿಸಿ, ಗೋಡೆ ಹಿಡಿದು ನಡೆಯುತ್ತಿದ್ದ ದಿನಗಳು. ಉರ್ದು ಬರವಣಿಗೆಯವರಿಗೆ ಈ ಕೆಲಸ ಹೋದರೆ ಇನ್ನೊಂದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಗುನಗುತ್ತ ನಿಂತರು.

ಲಾರಿಯವನು ಖಾಲಿ ಗಾಡಿ ತಿರುಗಿಸಲು ಹೊರಟ ದಿನ ಸೇಠಜಿ ಸೋತರು. "ಆ ಹುಡುಗಗ ಗೇಟಿನ ಕಾವಲಿ ಕೆಲಸ ಕೊಡ್ತೀನಿ. ಇನ್ನರೆ ಒಳಗ ಬರ್ರಿ ಮಾರಾಯ್ರ!" ಎಂದರು. ಮುನಷಿ ಸಾಹೇಬರು ಯಾರ ಎಮ್ಮೆಯನ್ನೂ ಕೇಳದೆ ಸರಸರನೆ ಒಳಗೆ ನಡೆದರು. ಅವರು ಅಷ್ಟು ಬೇಗ ನಡೆಯಬಲ್ಲರೆಂದು ಹುಮನಾಬಾದಿಗೆ ಅವತ್ತೇ ಗೊತ್ತಾದದ್ದು.

ಗಾದಿಯ ಮೇಲೆ ಕೀಲಿಕೈ ಇಸಿದುಕೊಂಡ ಸೇಠಜಿ ಅದನ್ನು ಮರಳಿ ಕೊಡಲಿಲ್ಲ. ಇನ್ನು ಉರ್ದು ಲೆಕ್ಕ ಬೇಡವೆಂದು ಒಂದೇ ಮಾತಿನಲ್ಲಿ ಅವರನ್ನು ಮನೆಗೆ ಕಳಿಸಿದರು. ಹಳೇ ಮುನಷಿಯನ್ನು ಒಳಗೆ ಬಿಡಬಾರದು; ಕಾವಲುಗಾರನಾದ ನನಗೆ ಸಿಕ್ಕ ಮೊದಲ ಹುಕುಂ ಅದು. ಮರುದಿನ ಅವರು ಆಫೀಸಿನಲ್ಲಿ ಉಳಿದ ತಮ್ಮ ಚಷ್ಮಾಕ್ಕಾಗಿ ಬಂದರು. ನಾನು ಅಳುತ್ತ ಎಡಗೈಯಿಂದ ಅಗಳಿ ತೆಗೆಯಹೋದೆ. ಅವರು ಹೊರಗಿನಿಂದಲೇ ಗೇಟನ್ನು ಒತ್ತಿ ಹಿಡಿದರು.

"ತಗೀಬ್ಯಾಡ ಬೇಟಾ. ನಿನ್ನ ನೌಕರಿ ಮತ್ತ ಹೋದ್ರ, ಆ ಮುದುಕಿ ಎಮ್ಮಿ ಕಥಿ ಇನ್ನೊಮ್ಮಿ ಕೇಳೋ ತಾಕತ್ತು ನನಗಿಲ್ಲ."

ಆಮೇಲೆ ಅವರು ಕಲ್ಯಾಣಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿಕೊಂಡಿದ್ದರು. ನಾನು ಆ ಗೇಟಿನ ಸಂಬಳದಲ್ಲೇ ಮದುವೆಯಾದೆ, ಮಕ್ಕಳನ್ನು ಓದಿಸಿದೆ. ಅವರು ತೀರಿಕೊಂಡ ಸುದ್ದಿ ಬಂದಾಗ ಸಿಕ್ಕ ಬಸ್ಸು ಹತ್ತಿ ಓಡಿದೆ. ಜನಾಜಾ ಮನೆಯಿಂದ ಎದ್ದಿತ್ತು. ಮುಂದೆ ಹೆಗಲು ಕೊಟ್ಟಿದ್ದ ಮಗ ನನ್ನನ್ನು ನೋಡಿ ಯಾರೆಂದು ಕೇಳಿದ.

"ನಿಮ್ಮ ಅಬ್ಬಾನ ನೌಕರಿ ತಿಂದವ," ಎಂದೆ.

ಅವನು ನನ್ನ ಕೈ ನೋಡಿದ. ಪಕ್ಕಕ್ಕೆ ಸರಿದು, ನನ್ನ ಹೆಗಲಿಗೆ ಜಾಗ ಮಾಡಿಕೊಟ್ಟ.